ಜುಲೈ 20ರ ಸಂಭ್ರಮಾಚರಣೆಯ ವಿರುದ್ಧ ಸೈಪ್ರಸ್ ಪ್ರತಿವರ್ಷ ಸಲ್ಲಿಸುವ ಪ್ರತಿಭಟನೆಗೆ ಅರ್ಥವಿದೆಯೇ?

ಪ್ರಶ್ನೆ (ವಿದೇಶಾಂಗ ವಿಷಯಗಳ ಓದುಗ)

ಸೈಪ್ರಸ್ ದ್ವೀಪದ ಉತ್ತರ ಭಾಗದಲ್ಲಿ ಪ್ರತಿವರ್ಷ ಜುಲೈ 20ರಂದು ಸೇನಾ ಪಥಸಂಚಲನ ನಡೆಯುತ್ತದೆ. 1974ರ ಅದೇ ದಿನಾಂಕದಂದು ಟರ್ಕಿಯ ಸೇನೆ ಕೈರೀನಿಯಾ ಪಟ್ಟಣದ ಪಶ್ಚಿಮಕ್ಕಿರುವ ಕಡಲತೀರದಲ್ಲಿ ಬಂದಿಳಿದುದನ್ನು ಅಲ್ಲಿನ ಆಡಳಿತವೂ ಟರ್ಕಿ ಸರ್ಕಾರವೂ ‘ಶಾಂತಿ ಮತ್ತು ಸ್ವಾತಂತ್ರ್ಯ ದಿನ’ವೆಂದು ಆಚರಿಸುತ್ತವೆ. ಅದೇ ದಿನ ಬೆಳಗಿನ ಜಾವ 5.30ಕ್ಕೆ ದಕ್ಷಿಣದಲ್ಲಿ, ಅಂದರೆ ಸೈಪ್ರಸ್ ಗಣರಾಜ್ಯದ ಸರ್ಕಾರದ ಹಿಡಿತದಲ್ಲಿರುವ ಪ್ರದೇಶದಲ್ಲಿ, ಸೈರನ್‌ಗಳು ಮೊಳಗುತ್ತವೆ ಮತ್ತು ಮಡಿದವರಿಗಾಗಿ ಪ್ರಾರ್ಥನೆ ನಡೆಯುತ್ತದೆ. 2024ರಲ್ಲಿ ಐವತ್ತು ವರ್ಷ ತುಂಬಿದಾಗ ಟರ್ಕಿಯ ಅಧ್ಯಕ್ಷ ಎರ್ಡೊಗನ್ ಉತ್ತರ ನಿಕೋಸಿಯಾದ ಪಥಸಂಚಲನದಲ್ಲಿದ್ದರು. ಗ್ರೀಸಿನ ಪ್ರಧಾನಿ ಮಿತ್ಸೊತಾಕಿಸ್ ಅದೇ ನಗರದ ದಕ್ಷಿಣ ಭಾಗದಲ್ಲಿ ಅಧ್ಯಕ್ಷ ಕ್ರಿಸ್ಟೊಡುಲಿಡಿಸ್ ಅವರೊಂದಿಗೆ ಸ್ಮರಣಾ ಸಭೆಯಲ್ಲಿದ್ದರು.

ಸೈಪ್ರಸ್ ಮತ್ತು ಗ್ರೀಸ್ ದೇಶಗಳ ವಿದೇಶಾಂಗ ಸಚಿವಾಲಯಗಳು ಈ ಆಚರಣೆಯನ್ನು ಪ್ರತಿವರ್ಷವೂ ಖಂಡಿಸುತ್ತವೆ. ನನ್ನ ಸಂದೇಹವಿರುವುದು ಇಲ್ಲಿಯೇ. ಟರ್ಕಿಯು ಸೈಪ್ರಸ್ ಗಣರಾಜ್ಯವನ್ನು ಒಂದು ರಾಜ್ಯವೆಂದು ಒಪ್ಪುವುದೇ ಇಲ್ಲ; ಎರಡು ದೇಶಗಳ ನಡುವೆ ರಾಯಭಾರ ಸಂಬಂಧವೂ ಇಲ್ಲ. ಹಾಗಿರುವಾಗ ಸೈಪ್ರಸ್ ತನ್ನ ಪ್ರತಿಭಟನೆಯನ್ನು ಯಾರ ಕೈಗೆ ಕೊಡುತ್ತದೆ? ಅರ್ಧ ಶತಮಾನದಲ್ಲಿ ಒಬ್ಬ ಸೈನಿಕನನ್ನೂ ಹಿಂದಕ್ಕೆ ಕಳುಹಿಸಲಾಗದ ಪತ್ರವನ್ನು ಮತ್ತೆ ಮತ್ತೆ ಬರೆಯುವುದರಿಂದ ಆಗುವುದೇನು? ಇದರ ಜೊತೆಗೆ, ಟರ್ಕಿಷ್ ಸೈಪ್ರಿಯಟ್ಟರಲ್ಲಿ, ಅಂದರೆ ದ್ವೀಪದ ಟರ್ಕಿಷ್ ಭಾಷಿಕ ಸಮುದಾಯದಲ್ಲಿ, ಅನೇಕರು ಆ ದಿನವನ್ನು ತಮ್ಮ ಪ್ರಾಣ ಉಳಿದ ದಿನವೆಂದು ನಿಜವಾಗಿಯೇ ನಂಬುತ್ತಾರೆ. ಆಚರಣೆಯನ್ನು ಖಂಡಿಸುವಾಗ ಅವರ ನೋವನ್ನೂ ಅಲ್ಲಗಳೆದಂತಾಗುವುದಿಲ್ಲವೇ? ವಿಷಯ ಬಲ್ಲವರು ವಿವರಿಸಬೇಕಾಗಿ ವಿನಂತಿ.

ಉತ್ತರ (ಅಂತರರಾಷ್ಟ್ರೀಯ ಕಾನೂನು ಬೋಧಕಿ)

ಪತ್ರ ಯಾರ ಕೈಗೆ ಹೋಗುತ್ತದೆ ಎಂಬ ನಿಮ್ಮ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಅದರಿಂದಲೇ ಬಿಚ್ಚಿಕೊಳ್ಳುತ್ತದೆ. ಗ್ರೀಸಿಗೆ ಅಂಕಾರಾದಲ್ಲಿ ರಾಯಭಾರ ಕಚೇರಿಯಿದೆ. ಅದು ತನ್ನ ಆಕ್ಷೇಪವನ್ನು ನೇರವಾಗಿಯೇ ತಲುಪಿಸಬಹುದು. ಸೈಪ್ರಸ್‌ಗೆ ಆ ದಾರಿಯಿಲ್ಲ. 2005ರ ಜುಲೈನಲ್ಲಿ ಐರೋಪ್ಯ ಒಕ್ಕೂಟದೊಂದಿಗಿನ ಸುಂಕ ಒಪ್ಪಂದವನ್ನು ಹೊಸ ಸದಸ್ಯ ರಾಷ್ಟ್ರಗಳಿಗೂ ವಿಸ್ತರಿಸುವ ದಸ್ತಾವೇಜಿಗೆ ಸಹಿ ಹಾಕಿದಾಗಲೂ, ಈ ಸಹಿಯನ್ನು ಸೈಪ್ರಸ್ ಗಣರಾಜ್ಯಕ್ಕೆ ನೀಡಿದ ಮಾನ್ಯತೆಯೆಂದು ಭಾವಿಸಬಾರದೆಂದು ಟರ್ಕಿ ಪ್ರತ್ಯೇಕ ಘೋಷಣೆ ಹೊರಡಿಸಿತು. ಆದ್ದರಿಂದ ನ್ಯೂಯಾರ್ಕ್‌ನಲ್ಲಿರುವ ಸೈಪ್ರಸ್‌ನ ಕಾಯಂ ಪ್ರತಿನಿಧಿ ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿಗೆ ಪತ್ರ ಬರೆಯುತ್ತಾರೆ ಮತ್ತು ಅದನ್ನು ಮಹಾಸಭೆಯ ಹಾಗೂ ಭದ್ರತಾ ಮಂಡಳಿಯ ದಾಖಲೆಯಾಗಿ ಹಂಚಬೇಕೆಂದು ಕೋರುತ್ತಾರೆ. ಹೀಗೆ ಹಂಚಿಕೆಯಾದ ಪತ್ರಕ್ಕೆ ದಾಖಲೆ ಸಂಖ್ಯೆ ಬರುತ್ತದೆ, ಎಲ್ಲ ಸದಸ್ಯ ರಾಷ್ಟ್ರಗಳ ಕಡತಗಳಿಗೂ ಅದು ಸೇರುತ್ತದೆ. ಹಾಗಾಗಿ ಪತ್ರದಲ್ಲಿ ದೂರು ಟರ್ಕಿಯ ಮೇಲಿದ್ದರೂ ಅದನ್ನು ಓದಬೇಕಾದವರು ಮೂರನೆಯ ದೇಶಗಳವರು.

ಇದು ಏಕೆ ಮುಖ್ಯವೆಂದರೆ, ಮೌನಂ ಸಮ್ಮತಿ ಲಕ್ಷಣಂ ಎಂಬ ಮಾತು ಅಂತರರಾಷ್ಟ್ರೀಯ ಕಾನೂನಿನಲ್ಲಿ ಬರಿಯ ಗಾದೆಯಲ್ಲ. ಬಲದಿಂದ ಉಂಟಾದ ಸ್ಥಿತಿಯೊಂದನ್ನು ಬಾಧಿತ ರಾಜ್ಯವು ಆಕ್ಷೇಪಿಸದೆ ದೀರ್ಘಕಾಲ ನೋಡುತ್ತ ಕುಳಿತರೆ, ಮುಂದೆ ಯಾವುದೋ ನ್ಯಾಯಪೀಠದ ಮುಂದೆ ಅಥವಾ ಮಾತುಕತೆಯ ಮೇಜಿನ ಮುಂದೆ ಆ ಮೌನವನ್ನು ಸಮ್ಮತಿಯೆಂದು ತೋರಿಸುವ ಅವಕಾಶ ಎದುರು ಪಕ್ಷಕ್ಕೆ ಸಿಗುತ್ತದೆ. ಅದನ್ನು ತಡೆಯುವುದು ಪ್ರತಿಭಟನೆಯ ಮೊದಲ ಕೆಲಸ. ಸೈನಿಕರನ್ನು ಹಿಂದಕ್ಕೆ ಕಳುಹಿಸುವ ಶಕ್ತಿ ಅದಕ್ಕೆ ಎಂದೂ ಇರಲಿಲ್ಲ. ಆ ಅಳತೆಗೋಲಿನಿಂದ ಅದನ್ನು ಅಳೆಯುವುದು ಸರಿಯೂ ಅಲ್ಲ.

ಈಗ ಟರ್ಕಿಯ ವಾದವನ್ನು ನೋಡೋಣ. ಅದನ್ನು ಕಡೆಗಣಿಸಿ ಮುಂದೆ ಹೋಗುವುದು ನ್ಯಾಯವಲ್ಲ. 1960ರಲ್ಲಿ ಸೈಪ್ರಸ್ ಸ್ವತಂತ್ರವಾದಾಗ ಬ್ರಿಟನ್, ಗ್ರೀಸ್ ಮತ್ತು ಟರ್ಕಿ ಒಂದು ಖಾತರಿ ಒಪ್ಪಂದಕ್ಕೆ ಸಹಿ ಹಾಕಿದ್ದವು. ಅದರ ನಾಲ್ಕನೆಯ ವಿಧಿಯ ಪ್ರಕಾರ ಒಪ್ಪಂದದ ಉಲ್ಲಂಘನೆಯಾದರೆ ಮೂವರೂ ಸಮಾಲೋಚಿಸಬೇಕು. ಜಂಟಿ ಕ್ರಮ ಸಾಧ್ಯವಾಗದಿದ್ದರೆ ಪ್ರತಿಯೊಬ್ಬರಿಗೂ ಕ್ರಮ ಕೈಗೊಳ್ಳುವ ಹಕ್ಕಿದೆ, ಆದರೆ ಒಪ್ಪಂದವು ಸೃಷ್ಟಿಸಿದ ಮೂಲ ಸ್ಥಿತಿಯನ್ನು ಮರುಸ್ಥಾಪಿಸುವ ಏಕೈಕ ಉದ್ದೇಶಕ್ಕಾಗಿ ಮಾತ್ರ. 1974ರ ಜುಲೈ 15ರಂದು ಗ್ರೀಸಿನ ಸೇನಾಡಳಿತದ ಆದೇಶದಂತೆ ಸೈಪ್ರಸ್‌ನ ರಾಷ್ಟ್ರೀಯ ರಕ್ಷಣಾ ದಳವು ಅಧ್ಯಕ್ಷ ಮಕಾರಿಯೋಸ್ ಅವರನ್ನು ಉರುಳಿಸಿ ನಿಕೋಸ್ ಸ್ಯಾಂಪ್ಸನ್ ಎಂಬವರನ್ನು ಕೂರಿಸಿತು. ಅದು ಒಪ್ಪಂದದ ಘೋರ ಉಲ್ಲಂಘನೆಯೇ ಆಗಿತ್ತು. ಐದು ದಿನಗಳ ನಂತರ ಟರ್ಕಿ ಸೇನೆ ಬಂದಿಳಿದದ್ದು ಈ ವಿಧಿಯ ಹೆಸರಿನಲ್ಲಿ.

ಚರ್ಚೆಗಾಗಿ ಅಷ್ಟನ್ನು ಒಪ್ಪಿಕೊಂಡರೂ ಮುಂದೇನಾಯಿತು? ಜುಲೈ 22ರಂದು ಕದನ ವಿರಾಮವಾಯಿತು. 23ರಂದು ಅಥೆನ್ಸಿನ ಸೇನಾಡಳಿತವೂ ಸ್ಯಾಂಪ್ಸನ್ ಆಡಳಿತವೂ ಬಿದ್ದುಹೋದವು. ಸಂವಿಧಾನದ ಪ್ರಕಾರ ಸಂಸತ್ತಿನ ಸಭಾಪತಿಯಾಗಿದ್ದ ಗ್ಲಾಫ್ಕೋಸ್ ಕ್ಲೆರಿಡಿಸ್ ಹಂಗಾಮಿ ಅಧ್ಯಕ್ಷರಾದರು. ಆ ಹೊತ್ತಿಗೆ ಟರ್ಕಿ ಸೇನೆಯ ವಶದಲ್ಲಿದ್ದುದು ಕೈರೀನಿಯಾದ ಸುತ್ತಲಿಂದ ನಿಕೋಸಿಯಾದವರೆಗಿನ ಸಣ್ಣ ಭೂಭಾಗ ಮಾತ್ರ. ಜಿನೀವಾದಲ್ಲಿ ನಡೆಯುತ್ತಿದ್ದ ಶಾಂತಿ ಮಾತುಕತೆಯ ಎರಡನೆಯ ಸುತ್ತು ಮುರಿದುಬಿದ್ದ ಆಗಸ್ಟ್ 14ರ ನಸುಕಿನಲ್ಲೇ ಎರಡನೆಯ ದಾಳಿ ಆರಂಭವಾಗಿ, ಮೂರು ದಿನಗಳೊಳಗೆ ದ್ವೀಪದ ಮೂರನೆಯ ಒಂದು ಭಾಗಕ್ಕಿಂತಲೂ ಹೆಚ್ಚು, ಸುಮಾರು 36 ಪ್ರತಿಶತ, ಸೇನೆಯ ವಶವಾಯಿತು. ಈ ಎರಡನೆಯ ದಾಳಿಯ ವೇಳೆಗೆ ಮರುಸ್ಥಾಪಿಸಬೇಕಾಗಿದ್ದ ಸಂವಿಧಾನಬದ್ಧ ಆಡಳಿತ ಆಗಲೇ ಮರಳಿ ಬಂದಿತ್ತು ಎಂಬುದನ್ನು ಗಮನಿಸಬೇಕು. ಜುಲೈ 20ರಂದೇ ಅಂಗೀಕೃತವಾದ ಭದ್ರತಾ ಮಂಡಳಿಯ 353ನೇ ನಿರ್ಣಯವು ವಿದೇಶಿ ಸೈನಿಕ ಹಸ್ತಕ್ಷೇಪ ಕೂಡಲೇ ನಿಲ್ಲಬೇಕೆಂದು ಹೇಳಿತ್ತು. ಅಂತರರಾಷ್ಟ್ರೀಯ ಒಪ್ಪಂದಗಳ ಅಡಿಯಲ್ಲಿ ಇರುವವರನ್ನು ಬಿಟ್ಟು ಉಳಿದ ವಿದೇಶಿ ಸೈನಿಕರು ತಡಮಾಡದೆ ಹಿಂದೆ ಸರಿಯಬೇಕೆಂದೂ ಹೇಳಿತ್ತು. ಒಪ್ಪಂದದ ಅಡಿಯಲ್ಲಿ ಇರಬಹುದಾಗಿದ್ದವರು 950 ಗ್ರೀಕ್ ಸೈನಿಕರು ಮತ್ತು 650 ಟರ್ಕಿಷ್ ಸೈನಿಕರು ಮಾತ್ರ. ಇಂದಿಗೂ ಉತ್ತರದಲ್ಲಿರುವ ಟರ್ಕಿಯ ಸೈನಿಕರ ಸಂಖ್ಯೆ ಹತ್ತಾರು ಸಾವಿರಗಳಲ್ಲಿದೆ.

ಹೀಗಾಗಿ ಪ್ರತಿಭಟನೆ ಹಳೆಯದೊಂದು ಯುದ್ಧದ ನೆನಪಿಗೆ ಸೀಮಿತವಲ್ಲ. ನಡೆಯುತ್ತಲೇ ಇರುವ ಒಂದು ಉಲ್ಲಂಘನೆಯನ್ನು ಸೈನಿಕ ಗೌರವದೊಂದಿಗೆ ಕೊಂಡಾಡುವುದರ ವಿರುದ್ಧ ಅದು ನಿಂತಿದೆ.

ಉತ್ತರ (ಇತಿಹಾಸದ ವಿದ್ಯಾರ್ಥಿ)

ಮೇಡಂ ಅವರ ಕಾನೂನಿನ ವಿವರಣೆಯನ್ನು ಒಪ್ಪುತ್ತೇನೆ. ಆದರೆ ಪ್ರಶ್ನೆಯ ಕೊನೆಯ ಭಾಗವನ್ನು ಅದು ಮುಟ್ಟಲಿಲ್ಲ, ಮತ್ತು ನನ್ನ ಅಭಿಪ್ರಾಯದಲ್ಲಿ ಅದೇ ಹೆಚ್ಚು ಕಷ್ಟದ ಭಾಗ.

ಟರ್ಕಿಷ್ ಸೈಪ್ರಿಯಟ್ಟರ ಇತಿಹಾಸ 1974ರಲ್ಲಿ ಆರಂಭವಾಗುವುದಿಲ್ಲ. 1963ರ ಡಿಸೆಂಬರ್‌ನಲ್ಲಿ ಎರಡು ಸಮುದಾಯಗಳ ನಡುವೆ ಹಿಂಸೆ ಭುಗಿಲೆದ್ದಾಗ ಸುಮಾರು 25,000 ಟರ್ಕಿಷ್ ಸೈಪ್ರಿಯಟ್ಟರು ತಮ್ಮ ಮನೆಗಳನ್ನು ತೊರೆದು, ಶಸ್ತ್ರಧಾರಿಗಳ ಕಾವಲಿನ ಸಣ್ಣ ಸಣ್ಣ ಆವರಣ ಪ್ರದೇಶಗಳಲ್ಲಿ ವರ್ಷಗಟ್ಟಲೆ ಬದುಕಿದರು. ಬ್ರಿಟಿಷ್ ಸೇನಾಧಿಕಾರಿ ಪೀಟರ್ ಯಂಗ್ ಎರಡು ಸಮುದಾಯಗಳನ್ನು ಬೇರ್ಪಡಿಸಲು ನಿಕೋಸಿಯಾದ ನಕ್ಷೆಯ ಮೇಲೆ ಹಸಿರು ಪೆನ್ಸಿಲ್ಲಿನಿಂದ ಗೆರೆ ಎಳೆದದ್ದು ಆಗಲೇ. ‘ಹಸಿರು ಗೆರೆ’ ಎಂಬ ಹೆಸರು ಬಂದದ್ದೂ ಆಗಲೇ. 1964ರ ಮಾರ್ಚ್‌ನಲ್ಲಿ 186ನೇ ನಿರ್ಣಯದ ಮೂಲಕ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆ ದ್ವೀಪಕ್ಕೆ ಬಂತು. ಅಂದರೆ ಆ ಪಡೆ ಅಲ್ಲಿಗೆ ಹೋದದ್ದು ಟರ್ಕಿಯ ಸೇನೆ ಬಂದಿಳಿಯುವುದಕ್ಕಿಂತ ಹತ್ತು ವರ್ಷ ಮೊದಲು. 1974ರ ಆಗಸ್ಟ್‌ನಲ್ಲಿ ಎರಡನೆಯ ದಾಳಿ ನಡೆಯುತ್ತಿದ್ದಾಗ ಮಾರಾಥಾ, ಸಾಂಟಲಾರಿಸ್, ಅಲೋಡಾ ಎಂಬ ಹಳ್ಳಿಗಳಲ್ಲಿ ಹೆಂಗಸರು, ಮಕ್ಕಳು, ಮುದುಕರು ಸೇರಿ ನೂರಕ್ಕೂ ಹೆಚ್ಚು ಟರ್ಕಿಷ್ ಸೈಪ್ರಿಯಟ್ಟರನ್ನು ಗ್ರೀಕ್ ಸೈಪ್ರಿಯಟ್ ಬಂದೂಕುಧಾರಿಗಳು ಕೊಂದರು. ಟೋಖ್ನಿ ಎಂಬ ಊರಿನ ಗಂಡಸರನ್ನು ಬಸ್ಸುಗಳಲ್ಲಿ ಕರೆದೊಯ್ದು ಕೊಂದರು. ಈ ಕುಟುಂಬಗಳ ಮೊಮ್ಮಕ್ಕಳು ಜುಲೈ 20ನ್ನು ನೋಡುವ ಬಗೆ ದಕ್ಷಿಣದವರು ನೋಡುವ ಬಗೆಯಂತೆ ಇರಲು ಹೇಗೆ ಸಾಧ್ಯ?

ಆದರೂ ಸಮುದಾಯದ ನೋವು ಬೇರೆ, ಸರ್ಕಾರವು ನಡೆಸುವ ಪಥಸಂಚಲನ ಬೇರೆ ಎಂದು ನಾನು ಭಾವಿಸುತ್ತೇನೆ. ಟರ್ಕಿಷ್ ಸೈಪ್ರಿಯಟ್ಟರ ನಡುವೆಯೇ ಈ ಆಚರಣೆಯ ಬಗ್ಗೆ ಒಮ್ಮತವಿಲ್ಲ. 2021ರಲ್ಲಿ ಎರ್ಡೊಗನ್ ಉತ್ತರದ ಶಾಸನಸಭೆಯಲ್ಲಿ ಭಾಷಣ ಮಾಡಲು ಬಂದಾಗ ಅಲ್ಲಿನ ಎರಡು ವಿರೋಧ ಪಕ್ಷಗಳು ಸಭೆಯನ್ನು ಬಹಿಷ್ಕರಿಸಿದವು. 2004ರ ಏಪ್ರಿಲ್‌ನಲ್ಲಿ ದ್ವೀಪವನ್ನು ಮತ್ತೆ ಒಂದುಗೂಡಿಸಲು ವಿಶ್ವಸಂಸ್ಥೆಯ ಆಗಿನ ಪ್ರಧಾನ ಕಾರ್ಯದರ್ಶಿ ಕೋಫಿ ಅನ್ನಾನ್ ಮುಂದಿಟ್ಟ ಯೋಜನೆಯ ಮೇಲೆ ಜನಮತಗಣನೆ ನಡೆದಾಗ ಟರ್ಕಿಷ್ ಸೈಪ್ರಿಯಟ್ಟರಲ್ಲಿ ಸುಮಾರು 65 ಪ್ರತಿಶತ ಮಂದಿ ಪುನರೇಕೀಕರಣಕ್ಕೆ ಒಪ್ಪಿಗೆ ಕೊಟ್ಟರು. ಸುಮಾರು 76 ಪ್ರತಿಶತ ಗ್ರೀಕ್ ಸೈಪ್ರಿಯಟ್ಟರು ತಿರಸ್ಕರಿಸಿದರು. ಪ್ರತಿಭಟನಾ ಪತ್ರ ಬರೆಯುವವರು ಈ ಅಂಕಿಯನ್ನು ಸದಾ ನೆನಪಿನಲ್ಲಿಟ್ಟುಕೊಳ್ಳಬೇಕು. ಒಂದು ಇಡೀ ಸಮುದಾಯವನ್ನು ಆಕ್ರಮಣಕಾರನ ಜೊತೆ ಸೇರಿಸಿ ಮಾತನಾಡಿದ ಪ್ರತಿಭಟನೆ, ಕಾನೂನಿನಲ್ಲಿ ಎಷ್ಟೇ ಸರಿಯಿದ್ದರೂ, ತಾನು ಕಾಪಾಡಬೇಕಾದ ಗಣರಾಜ್ಯದ ನಾಗರಿಕರನ್ನೇ ದೂರ ತಳ್ಳುತ್ತದೆ.

ಇದಕ್ಕೆ ಸಮನಾದ ಇನ್ನೊಂದು ಪ್ರಸಂಗವೂ ಉಂಟು. 1950ರಲ್ಲಿ ಗ್ರೀಕ್ ಸೈಪ್ರಿಯಟ್ಟರು ಗ್ರೀಸಿನೊಂದಿಗೆ ವಿಲೀನವಾಗಬೇಕೆಂದು ಚರ್ಚಿನ ಮುಂದಾಳತ್ವದಲ್ಲಿ ಮತ ನೀಡಿದ್ದರು. ಅದನ್ನು ಶಾಲೆಗಳಲ್ಲಿ ಸ್ಮರಿಸಬೇಕೆಂದು 2017ರ ಫೆಬ್ರವರಿಯಲ್ಲಿ ಸೈಪ್ರಸ್ ಸಂಸತ್ತು ತೀರ್ಮಾನಿಸಿದಾಗ ಟರ್ಕಿಷ್ ಸೈಪ್ರಿಯಟ್ ನಾಯಕ ಮುಸ್ತಫಾ ಅಕಿಂಜಿ ತೀವ್ರವಾಗಿ ಪ್ರತಿಭಟಿಸಿದರು. ಶಾಂತಿ ಮಾತುಕತೆ ವಾರಗಟ್ಟಲೆ ನಿಂತುಹೋಯಿತು. ಏಪ್ರಿಲ್‌ನಲ್ಲಿ ಸಂಸತ್ತು ತಿದ್ದುಪಡಿ ಮಾಡಿದ ಮೇಲೆಯೇ ಅದು ಮುಂದುವರಿಯಿತು. ಸೇನೆಯ ಆಕ್ರಮಣವನ್ನೂ ಶಾಲೆಯ ಸ್ಮರಣೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ. ಇನ್ನೊಬ್ಬರ ಬದುಕಿಗೆ ಕುತ್ತು ತಂದದ್ದನ್ನು ಸರ್ಕಾರವೇ ಕೊಂಡಾಡಿದಾಗ ಪ್ರತಿಭಟನೆಗೆ ಕಾರಣವಿರುತ್ತದೆ ಎಂಬ ತತ್ತ್ವ ಎರಡೂ ಕಡೆಗೆ ಸಲ್ಲಬೇಕು ಎನ್ನುತ್ತಿದ್ದೇನೆ.

ಪ್ರಶ್ನೆ ಕೇಳಿದವರು (ವಿದೇಶಾಂಗ ವಿಷಯಗಳ ಓದುಗ)

ಇಬ್ಬರಿಗೂ ಕೃತಜ್ಞತೆಗಳು. ಒಂದು ಎಳೆ ಇನ್ನೂ ಉಳಿದಿದೆ. 1983ರ ನವೆಂಬರ್ 15ರಂದು ಉತ್ತರದಲ್ಲಿ ಪ್ರತ್ಯೇಕ ಗಣರಾಜ್ಯ ಘೋಷಣೆಯಾದಾಗ, ಮೂರೇ ದಿನಗಳಲ್ಲಿ ಭದ್ರತಾ ಮಂಡಳಿಯ 541ನೇ ನಿರ್ಣಯವು ಆ ಘೋಷಣೆ ಕಾನೂನಿನ ದೃಷ್ಟಿಯಲ್ಲಿ ಅಸಿಂಧುವೆಂದು ಸಾರಿತು. ಟರ್ಕಿಯ ಹೊರತು ಬೇರೆ ಯಾವ ರಾಷ್ಟ್ರವೂ ಇಂದಿಗೂ ಅದಕ್ಕೆ ಮಾನ್ಯತೆ ನೀಡಿಲ್ಲ. ದಾಖಲೆ ಇಷ್ಟು ಗಟ್ಟಿಯಾಗಿರುವಾಗ, ಪ್ರತಿವರ್ಷ ಹೊಸ ಪತ್ರದ ಅಗತ್ಯವಾದರೂ ಏನು? ಮೇಲಿನಿಂದ ಮೇಲೆ ಹೇಳಿದ ಮಾತು ತೂಕ ಕಳೆದುಕೊಳ್ಳುವುದಿಲ್ಲವೇ?

ಉತ್ತರ (ನಿವೃತ್ತ ವರದಿಗಾರ)

ಜುಲೈ 20ರ ವೇದಿಕೆ ಕೇವಲ ನೆನಪಿನ ವೇದಿಕೆಯಾಗಿದ್ದರೆ ನಿಮ್ಮ ಮಾತಿಗೆ ಬಲವಿರುತ್ತಿತ್ತು. ಈಚಿನ ವರ್ಷಗಳಲ್ಲಿ ಅದು ಹೊಸ ನೀತಿಗಳನ್ನು ಘೋಷಿಸುವ ವೇದಿಕೆಯಾಗಿದೆ. ವರೋಶಾದ ಉದಾಹರಣೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ವರೋಶಾ ಎಂಬುದು ಫಮಗುಸ್ತಾ ನಗರದ ಕಡಲತೀರದ ಬಡಾವಣೆ. 1974ಕ್ಕೆ ಮೊದಲು ದ್ವೀಪದ ಅತ್ಯಂತ ಹೆಸರಾದ ಪ್ರವಾಸಿ ತಾಣವಾಗಿತ್ತು. ಆಗಸ್ಟ್‌ನ ದಾಳಿಯಲ್ಲಿ ಅಲ್ಲಿನ ಗ್ರೀಕ್ ಸೈಪ್ರಿಯಟ್ ನಿವಾಸಿಗಳು ಓಡಿಹೋದರು, ಟರ್ಕಿ ಸೇನೆ ಅದಕ್ಕೆ ಬೇಲಿ ಹಾಕಿತು, ಹೋಟೆಲುಗಳೂ ಮನೆಗಳೂ ದಶಕಗಳ ಕಾಲ ಪಾಳುಬಿದ್ದವು. 1984ರ 550ನೇ ನಿರ್ಣಯವು ವರೋಶಾದ ಯಾವುದೇ ಭಾಗದಲ್ಲಿ ಅದರ ನಿವಾಸಿಗಳಲ್ಲದವರನ್ನು ನೆಲೆಗೊಳಿಸುವ ಪ್ರಯತ್ನ ಸಲ್ಲದೆಂದು ಸ್ಪಷ್ಟವಾಗಿ ಹೇಳಿ, ಆ ಪ್ರದೇಶವನ್ನು ವಿಶ್ವಸಂಸ್ಥೆಯ ಆಡಳಿತಕ್ಕೆ ವರ್ಗಾಯಿಸಬೇಕೆಂದು ಕೇಳಿತು. 2020ರ ಅಕ್ಟೋಬರ್‌ನಲ್ಲಿ ಅದರ ಒಂದು ಭಾಗವನ್ನು ಸಂದರ್ಶಕರಿಗೆ ತೆರೆಯಲಾಯಿತು. ಮರುವರ್ಷ, ಸರಿಯಾಗಿ ಜುಲೈ 20ರಂದು, ಎರ್ಡೊಗನ್ ಅವರ ಸಮ್ಮುಖದಲ್ಲಿ ಆ ಪ್ರದೇಶದ 3.5 ಪ್ರತಿಶತ ಭಾಗದ ಸೈನಿಕ ಸ್ಥಾನಮಾನವನ್ನು ತೆಗೆದುಹಾಕುವುದಾಗಿ ಘೋಷಣೆಯಾಯಿತು. ಸೈಪ್ರಸ್ ಕೂಡಲೇ ಭದ್ರತಾ ಮಂಡಳಿಯ ಮೊರೆಹೋಯಿತು. ಜುಲೈ 23ರಂದು ಮಂಡಳಿಯ ಅಧ್ಯಕ್ಷೀಯ ಹೇಳಿಕೆ ಹೊರಬಂತು; ಅದು ಆ ಘೋಷಣೆಯನ್ನು ಖಂಡಿಸಿ, 2020ರಿಂದ ಕೈಗೊಂಡ ಎಲ್ಲ ಕ್ರಮಗಳನ್ನೂ ಹಿಂತೆಗೆದುಕೊಳ್ಳಬೇಕೆಂದು ಕರೆಕೊಟ್ಟಿತು. ಅಂಥ ಹೇಳಿಕೆಗೆ ಮಂಡಳಿಯ ಹದಿನೈದೂ ಸದಸ್ಯರ ಸಮ್ಮತಿ ಬೇಕು. ಮೂರು ದಿನಗಳಲ್ಲಿ ಅದು ಸಾಧ್ಯವಾದುದಕ್ಕೆ, 1984ರ ನಿರ್ಣಯ ವಿಸ್ಮೃತಿಗೆ ಸರಿಯದಂತೆ ಮೂವತ್ತೇಳು ವರ್ಷ ಯಾರೋ ಬಿಡದೆ ಪತ್ರ ಬರೆಯುತ್ತಿದ್ದುದೂ ಒಂದು ಕಾರಣವೆಂಬುದು ನನ್ನ ದೃಢ ಅಭಿಪ್ರಾಯ.

ಇನ್ನೊಂದು ಕಡೆ, ಮಾನ್ಯತೆ ನೀಡದಿರುವ ನಿಲುವು ತಾನಾಗಿ ಉಳಿಯುವಂಥದ್ದಲ್ಲ. 2022ರ ನವೆಂಬರ್‌ನಲ್ಲಿ ಸಮರ್ಕಂದ್‌ನಲ್ಲಿ ಸೇರಿದ್ದ ತುರ್ಕಿಕ್ ರಾಷ್ಟ್ರಗಳ ಸಂಘಟನೆಯು ಉತ್ತರದ ಆಡಳಿತಕ್ಕೆ ವೀಕ್ಷಕ ಸ್ಥಾನ ನೀಡಿತು. ಅದು ಪೂರ್ಣ ಮಾನ್ಯತೆಯಲ್ಲವಾದರೂ ಆ ದಿಕ್ಕಿನಲ್ಲಿ ಇಟ್ಟ ಹೆಜ್ಜೆ. ಸೈಪ್ರಸ್ ಮತ್ತು ಐರೋಪ್ಯ ಒಕ್ಕೂಟ ಎರಡೂ ಬಲವಾಗಿ ಆಕ್ಷೇಪಿಸಿದವು. 2025ರ ಏಪ್ರಿಲ್‌ನಲ್ಲಿ, ಅದೇ ಸಮರ್ಕಂದ್‌ನಲ್ಲಿ, ಐರೋಪ್ಯ ಒಕ್ಕೂಟ ಮತ್ತು ಮಧ್ಯ ಏಷ್ಯಾದ ಐದು ರಾಷ್ಟ್ರಗಳ ಶೃಂಗಸಭೆಯ ಜಂಟಿ ಘೋಷಣೆಯು 541 ಮತ್ತು 550ನೇ ನಿರ್ಣಯಗಳಿಗೆ ಬದ್ಧತೆಯನ್ನು ಮತ್ತೊಮ್ಮೆ ಹೇಳಿತು. ಕಜಾಕಿಸ್ತಾನ, ಉಜ್ಬೇಕಿಸ್ತಾನಗಳಂಥ ದೇಶಗಳು ಸೈಪ್ರಸ್ ಗಣರಾಜ್ಯಕ್ಕೆ ರಾಯಭಾರಿಗಳನ್ನು ನೇಮಿಸಿದವು. ಇದರಲ್ಲಿ ಒಕ್ಕೂಟದ ಆರ್ಥಿಕ ತೂಕದ ಪಾತ್ರ ದೊಡ್ಡದು, ನಿಜ. ಆದರೆ ಯಾವ ವಾಕ್ಯಕ್ಕೆ ಸಹಿ ಪಡೆಯಬೇಕೆಂಬುದು ಮೊದಲೇ ಸಿದ್ಧವಾಗಿತ್ತು. ತಾನೇ ಆಕ್ಷೇಪಿಸುವುದನ್ನು ನಿಲ್ಲಿಸಿದ್ದ ರಾಜ್ಯವು ಇತರರಿಂದ ಅಂಥ ಸಹಿಯನ್ನು ಕೇಳುವ ನೈತಿಕ ಹಕ್ಕನ್ನು ಉಳಿಸಿಕೊಳ್ಳುತ್ತಿರಲಿಲ್ಲ.

ಉತ್ತರ (ಅಂತರರಾಷ್ಟ್ರೀಯ ಕಾನೂನು ಬೋಧಕಿ)

ವರದಿಗಾರರ ಮಾತಿಗೆ ನ್ಯಾಯಾಲಯದ ಕಡೆಯಿಂದ ಒಂದು ಪುರಾವೆ ಸೇರಿಸುತ್ತೇನೆ. ಕೈರೀನಿಯಾದಲ್ಲಿದ್ದ ತನ್ನ ಜಮೀನಿಗೆ ಹೋಗಲಾಗದ ಗ್ರೀಕ್ ಸೈಪ್ರಿಯಟ್ ಮಹಿಳೆಯೊಬ್ಬರು ಟರ್ಕಿಯ ವಿರುದ್ಧ ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದರು. ಇದು ಲೊಯಿಝಿಡು ಪ್ರಕರಣವೆಂದು ಪ್ರಸಿದ್ಧ. ಉತ್ತರದ ಆಡಳಿತವು ತನ್ನ 1985ರ ಸಂವಿಧಾನದ 159ನೇ ವಿಧಿಯ ಮೂಲಕ ಇಂಥ ಆಸ್ತಿಗಳನ್ನು ತನ್ನದಾಗಿಸಿಕೊಂಡಿತ್ತು, ಆದ್ದರಿಂದ ಆಕೆ ಮಾಲೀಕರೇ ಅಲ್ಲ ಎಂದು ಟರ್ಕಿ ವಾದಿಸಿತು. 1996ರ ಡಿಸೆಂಬರ್ 18ರ ತೀರ್ಪಿನಲ್ಲಿ ನ್ಯಾಯಾಲಯವು ಭದ್ರತಾ ಮಂಡಳಿಯ ನಿರ್ಣಯಗಳನ್ನೂ ಅಂತರರಾಷ್ಟ್ರೀಯ ಸಮುದಾಯದ ನಿಲುವನ್ನೂ ಆಧಾರವಾಗಿಟ್ಟುಕೊಂಡು, ಉತ್ತರದ ಆಡಳಿತವನ್ನು ಆ ಸಮುದಾಯವು ರಾಜ್ಯವೆಂದು ಪರಿಗಣಿಸದಿರುವಾಗ ಆ ವಿಧಿಗೆ ಕಾನೂನಿನ ಬಲ ಕೊಡಲಾಗದೆಂದು ಹೇಳಿತು. ಆಕೆ ಇನ್ನೂ ಮಾಲೀಕರೇ ಎಂದು ಘೋಷಿಸಿತು. ಟರ್ಕಿ ವರ್ಷಗಟ್ಟಲೆ ಹಿಂಜರಿದು, 2003ರಲ್ಲಿ ಪರಿಹಾರದ ಹಣವನ್ನು ಪಾವತಿಸಿತು. ಆ ಮಹಿಳೆಯ ಹಕ್ಕು ಉಳಿದದ್ದು, ಬಹುಮಟ್ಟಿಗೆ, ಜಗತ್ತು ಆ ಸ್ಥಿತಿಯನ್ನು ಒಪ್ಪಿಲ್ಲ ಎಂಬ ದಾಖಲೆ ಅಷ್ಟು ಕಾಲವೂ ಜೀವಂತವಾಗಿದ್ದುದರಿಂದ. 2014ರಲ್ಲಿ ಇದೇ ನ್ಯಾಯಾಲಯವು ಕಾಣೆಯಾದವರ ಬಂಧುಗಳಿಗೂ, ಕರ್ಪಾಸ್ ಪರ್ಯಾಯ ದ್ವೀಪದಲ್ಲಿ ಸಿಕ್ಕಿಬಿದ್ದ ಗ್ರೀಕ್ ಸೈಪ್ರಿಯಟ್ಟರಿಗೂ ಸಲ್ಲುವಂತೆ ಒಟ್ಟು 9 ಕೋಟಿ ಯೂರೋ ಕೊಡಬೇಕೆಂದು ಟರ್ಕಿಗೆ ಆದೇಶಿಸಿತು.

ಇತಿಹಾಸದ ವಿದ್ಯಾರ್ಥಿಯವರು ಎತ್ತಿದ ಅಂಶಕ್ಕೂ ನನ್ನ ಸಹಮತವಿದೆ. ಆಕ್ರಮಿತ ಪ್ರದೇಶದ ಆಡಳಿತಕ್ಕೆ ಮಾನ್ಯತೆ ನಿರಾಕರಿಸಿದರೂ ಅಲ್ಲಿನ ಜನರಿಗೆ ತೊಂದರೆಯಾಗಬಾರದು, ಜನನ, ಮರಣ, ವಿವಾಹಗಳ ನೋಂದಣಿಯಂಥವು ಸಿಂಧುವಾಗಿಯೇ ಉಳಿಯಬೇಕು ಎಂಬುದು ನಮೀಬಿಯಾ ಕುರಿತ 1971ರ ಅಂತರರಾಷ್ಟ್ರೀಯ ನ್ಯಾಯಾಲಯದ ಸಲಹಾ ಅಭಿಪ್ರಾಯದಿಂದಲೇ ನೆಲೆಗೊಂಡ ತತ್ತ್ವ. ಪ್ರತಿಭಟನೆ ಸೇನೆಯ ವಿರುದ್ಧವಿರಲಿ, ನೆರೆಯವರ ವಿರುದ್ಧವಲ್ಲ ಎಂಬುದಕ್ಕೆ ಕಾನೂನಿನಲ್ಲೇ ಆಧಾರವಿದೆ.

ಉತ್ತರ (ಶಾಂತಿಪಾಲನೆಯ ಇತಿಹಾಸದ ಆಸಕ್ತೆ)

ತಡವಾಗಿ ಚರ್ಚೆಗೆ ಸೇರುತ್ತಿದ್ದೇನೆ. ಕನ್ನಡ ಓದುಗರು ಈ ದ್ವೀಪದ ಬಗ್ಗೆ ತಿಳಿಯಲು ಒಂದು ವಿಶೇಷ ಕಾರಣವಿದೆ: ಅಲ್ಲಿನ ಶಾಂತಿಪಾಲನಾ ಪಡೆಯ ದಂಡನಾಯಕರಾಗಿದ್ದ ಜನರಲ್ ತಿಮ್ಮಯ್ಯನವರು 1965ರ ಡಿಸೆಂಬರ್ 18ರಂದು ಕರ್ತವ್ಯದಲ್ಲಿದ್ದಾಗಲೇ ಸೈಪ್ರಸ್‌ನಲ್ಲಿ ತೀರಿಕೊಂಡರು, ಮತ್ತು ಮರುವರ್ಷ ಸೈಪ್ರಸ್ ಅವರ ಗೌರವಾರ್ಥ ಅಂಚೆಚೀಟಿ ಹೊರಡಿಸಿತು. 1974ರ ಜುಲೈನಲ್ಲಿ ಆ ಪಡೆಯನ್ನು ಮುನ್ನಡೆಸುತ್ತಿದ್ದವರೂ ಭಾರತೀಯರೇ, ದಿವಾನ್ ಪ್ರೇಮ್ ಚಂದ್. ನಿಕೋಸಿಯಾದ ವಿಮಾನ ನಿಲ್ದಾಣ ಯಾವ ಪಕ್ಷದ ಕೈಗೂ ಸೇರದಂತೆ ಅದನ್ನು ವಿಶ್ವಸಂಸ್ಥೆಯ ರಕ್ಷಿತ ಪ್ರದೇಶವಾಗಿಸಿದ್ದು ಅವರ ಕಾಲದಲ್ಲೇ. ದ್ವೀಪದುದ್ದಕ್ಕೂ ಸುಮಾರು 180 ಕಿಲೋಮೀಟರ್ ಚಾಚಿರುವ ತಟಸ್ಥ ವಲಯದಲ್ಲಿ ಆ ಪಡೆ ಇಂದಿಗೂ ಗಸ್ತು ನಡೆಸುತ್ತಿದೆ.

ಮೇಲಿನ ಉತ್ತರಗಳಲ್ಲಿ ಕಾನೂನು, ಮಾನ್ಯತೆ, ಆಸ್ತಿ ಎಲ್ಲವೂ ಬಂದವು. ಕಾಣೆಯಾದವರ ವಿಷಯ ಒಂದು ಸಾಲಿನಲ್ಲಿ ಮುಗಿಯಿತು. ಕಾಣೆಯಾದವರ ಪಟ್ಟಿಯಲ್ಲಿ 2,002 ಹೆಸರುಗಳಿದ್ದವು: 1,510 ಗ್ರೀಕ್ ಸೈಪ್ರಿಯಟ್ಟರು, 492 ಟರ್ಕಿಷ್ ಸೈಪ್ರಿಯಟ್ಟರು. 1981ರಲ್ಲಿ ರಚಿತವಾದ ಕಾಣೆಯಾದವರ ಸಮಿತಿಯಲ್ಲಿ ಎರಡೂ ಸಮುದಾಯಗಳ ವಿಜ್ಞಾನಿಗಳು ಒಟ್ಟಾಗಿ ನೆಲ ಅಗೆದು, ಎಲುಬುಗಳನ್ನು ಪರೀಕ್ಷಿಸಿ, ಸಾವಿರಕ್ಕೂ ಹೆಚ್ಚು ಜನರ ಅವಶೇಷಗಳನ್ನು ಗುರುತಿಸಿ ಮನೆಯವರಿಗೆ ಒಪ್ಪಿಸಿದ್ದಾರೆ. ಒಂಬೈನೂರಕ್ಕೂ ಹೆಚ್ಚು ಮಂದಿಯ ಸುಳಿವು ಇನ್ನೂ ಸಿಕ್ಕಿಲ್ಲ. ಸಾಕ್ಷಿಗಳು ವಯಸ್ಸಾಗಿ ತೀರಿಕೊಳ್ಳುತ್ತಿದ್ದಾರೆ. ಶವಗಳನ್ನು ಎಲ್ಲಿ ಹೂಳಲಾಯಿತು, ಆಮೇಲೆ ಎಲ್ಲಿಗೆ ಸಾಗಿಸಲಾಯಿತು ಎಂಬ ಮಾಹಿತಿ ಸೇನೆಗಳ ದಾಖಲೆಗಳಲ್ಲೇ ಇರಬೇಕು.

ಆದ್ದರಿಂದ ಜುಲೈ 20ರ ಪ್ರತಿಭಟನಾ ಪತ್ರದಲ್ಲಿ ಪಥಸಂಚಲನದ ಖಂಡನೆಗಿಂತಲೂ ಮೊದಲು ಈ ಬೇಡಿಕೆ ಬರಬೇಕೆಂದು ನನಗನ್ನಿಸುತ್ತದೆ. ಉತ್ತರದ ಸೇನಾ ವಲಯಗಳಲ್ಲಿ ಸಮಿತಿಗೆ ತಡೆಯಿಲ್ಲದೆ ಅಗೆಯಲು ಅನುಮತಿ ಬೇಕು, ಟರ್ಕಿಯ ಸೇನಾ ದಾಖಲೆಗಳು ತೆರೆಯಬೇಕು, ಮಾರಾಥಾ ಮತ್ತು ಟೋಖ್ನಿಯ ಕೊಲೆಗಳ ಬಗ್ಗೆ ದಕ್ಷಿಣದಲ್ಲಿರುವ ದಾಖಲೆಗಳೂ ತೆರೆಯಬೇಕು. ಇವುಗಳಲ್ಲಿ ಯಾವುದಕ್ಕೂ ದ್ವೀಪವು ಎರಡು ಸಮುದಾಯಗಳ ಒಂದೇ ಒಕ್ಕೂಟ ರಾಜ್ಯವಾಗಬೇಕೋ ಎರಡು ಪ್ರತ್ಯೇಕ ರಾಜ್ಯಗಳಾಗಬೇಕೋ ಎಂಬ ವಾದ ತೀರುವವರೆಗೆ ಕಾಯಬೇಕಾಗಿಲ್ಲ.